ಕಂಬಳಿ ಹುಳು ಮತ್ತು ನಮ್ಮ ಎಚ್ಚರಿಕೆ
(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ವೇದಿಕೆಯಲ್ಲಿ ಹಾಲು, ಹಿಂಡಿ, ಬೋನಸ್ಸಿನ ಮಾತು ಬಿಟ್ಟು ಹುಳುವಿನ ಮಾತೇಕೆ ಎಂದು ಕೆಲವರು ನಗಬಹುದು. ಆದರೆ ಬೆಳಗಾದರೆ ಬದುವಿನ ಮೇಲೆ ಕೂತು ಹುಲ್ಲು ಕುಯ್ಯೋರು ನಾವು. ನೋಡದೆ ಕೈ ಹಾಕೋರೂ ನಾವೇ.

2022ರ ಸೆಪ್ಟೆಂಬರ್ ತಿಂಗಳು ನೆನಪಿದೆಯಲ್ಲ? ಮೈತುಂಬ ಮುಳ್ಳಿರುವ ಒಂದು ಹುಳುವಿನ ಚಿತ್ರ, ಜೊತೆಗೆ ಇದು ಕಚ್ಚಿದರೆ ಐದು ನಿಮಿಷದಲ್ಲಿ ಸಾವು ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಮಹಾರಾಷ್ಟ್ರದ ಕಡೆ ಅದಕ್ಕೆ ಕೊಳಕು ಮಂಡಲ ಹಾವಿನ ಹೆಸರನ್ನೇ ಇಟ್ಟಿದ್ದಾರೆ, ಅರ್ಧ ಭಯ ಹೆಸರಿನಿಂದಲೇ ಬಂತು. ಅದರಿಂದ ಜೀವ ಹೋಗುವುದಿಲ್ಲವೆಂದು ಕೃಷಿ ತಜ್ಞರು ಹೇಳಿದರೂ ನಮ್ಮಲ್ಲಿ ಕೆಲವರು ಎರಡು ದಿನ ಹುಲ್ಲಿಗೇ ಹೋಗಲಿಲ್ಲ. ಜೀವ ತೆಗೆಯುವ ಹುಳು ಲೋಕದಲ್ಲೇ ಇಲ್ಲವೆಂದಲ್ಲ. ಬ್ರೆಜಿಲ್ ದೇಶದಲ್ಲಿ ಲೊನೋಮಿಯಾ ಎಂಬುದೊಂದಿದೆ, ಅದರ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದಿಲ್ಲ, ಅಲ್ಲಿ ಅದಕ್ಕೆಂದೇ ಔಷಧಿ ತಯಾರಿಸುತ್ತಾರೆ. ಅದು ನಮ್ಮ ನಾಡಿನದಲ್ಲ.

ನಮ್ಮಲ್ಲಿರುವವು ಮುಖ್ಯವಾಗಿ ಎರಡು ಬಗೆ. ಒಂದು, ನುಗ್ಗೆ ಮರದ ಬೊಡ್ಡೆಗೆ ಹಗಲೆಲ್ಲ ಗುಂಪಾಗಿ ಅಂಟಿಕೊಂಡು, ರಾತ್ರಿ ಎಲೆ ತಿನ್ನುವ ಕೂದಲು ಹುಳು. ಇನ್ನೊಂದು ಮೋಸದ್ದು. ತೆಂಗು, ಮಾವು, ಹರಳು ಗಿಡಗಳ ಎಲೆಯ ಅಡಿಯಲ್ಲಿರುತ್ತದೆ. ಗಿಡ್ಡ, ದಪ್ಪ, ಎಲೆಯಂಥದೇ ಹಸಿರು, ಬೆನ್ನಿನ ಮೇಲೆ ಗೆರೆ, ಮೈಮೇಲೆ ಮುಳ್ಳಿನ ಗೊಂಚಲು. ಕಾಲು ಕಾಣುವುದಿಲ್ಲ, ಬಸವನ ಹುಳುವಿನಂತೆ ಜಾರಿಕೊಂಡು ಹೋಗುತ್ತದೆ. ಇವು ಬಾಯಿಂದ ಕಚ್ಚುವುದಿಲ್ಲ. ಮುಳ್ಳಿನ ಒಳಗೆ ಟೊಳ್ಳು, ಅದರಲ್ಲಿ ವಿಷ. ಮುಟ್ಟಿದೊಡನೆ ತುದಿ ಮುರಿದು ಚರ್ಮದೊಳಗೆ ಉಳಿಯುತ್ತದೆ. ಸತ್ತ ಹುಳು, ಕಳಚಿದ ಪೊರೆ, ಕೂದಲಿರುವ ಗೂಡು ಕೂಡ ಉರಿ ತರಿಸುತ್ತವೆ.

ಮೈಮೇಲೆ ಹುಳು ಬಿದ್ದರೆ ಕೈಯಿಂದ ಒರೆಸಬೇಡಿ, ಕಡ್ಡಿಯಿಂದ ಎತ್ತಿ ಎಸೆಯಿರಿ. ಕಂಬಳಿಯಲ್ಲೇ ತಿಕ್ಕಬೇಕು ಎನ್ನುವ ಹಿರಿಯರ ಮಾತನ್ನು ಈ ಒಂದು ವಿಷಯದಲ್ಲಿ ಬಿಟ್ಟುಬಿಡೋಣ, ತಿಕ್ಕಿದಷ್ಟೂ ಮುಳ್ಳು ಒಳಗೆ ಹೋಗುತ್ತದೆ. ಅಂಟು ಟೇಪನ್ನು ಒತ್ತಿ ಕಿತ್ತರೆ ಮುಳ್ಳು ಅದಕ್ಕೆ ಅಂಟಿ ಬರುತ್ತದೆ. ಹಾಳೆ ಪುಸ್ತಕಕ್ಕೆ ಅಂಟಿಸುವ ಟೇಪೇ ಸಾಕು. ಆಮೇಲೆ ಸೋಪು ನೀರಲ್ಲಿ ತೊಳೆದು ತಣ್ಣೀರು ಬಟ್ಟೆಯೋ, ಬಟ್ಟೆ ಸುತ್ತಿದ ಐಸೋ ಇಡಿ. ಉಟ್ಟ ಬಟ್ಟೆಯನ್ನೂ ಬದಲಾಯಿಸಿ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಬೇಕು.

ನಾವು ಹೆದರಬೇಕಾದದ್ದು ಕಣ್ಣಿನ ವಿಷಯಕ್ಕೆ. ನಮ್ಮ ಬೀದಿಯ ಹುಡುಗನೊಬ್ಬ ನುಗ್ಗೆ ಕಾಯಿ ಕಿತ್ತು ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡ. ಹರಳೆಣ್ಣೆ ಬಿಡಿ ಎಂದವರು ನಾವೇ, ಎದೆಹಾಲು ಬಿಡಿ ಎಂದವರೂ ನಾವೇ. ಹೀಗೆ ಒಂದೂವರೆ ದಿನ ಹಾಳು ಮಾಡಿದೆವು. ಕೊನೆಗೆ ಕಣ್ಣಿನ ಡಾಕ್ಟರು ದೊಡ್ಡ ಭೂತಕನ್ನಡಿಯಲ್ಲಿ ನೋಡಿ ಕೂದಲುಗಳನ್ನು ಒಂದೊಂದಾಗಿ ತೆಗೆದರು. ಆ ಕೂದಲು ದಿನ ಕಳೆದಂತೆ ಕಣ್ಣಿನ ಆಳಕ್ಕೆ ಇಳಿಯುತ್ತದೆ, ದೃಷ್ಟಿಯೇ ಹೋಗಬಹುದು ಎಂದು ಅವರು ಹೇಳಿದಾಗ ನಮ್ಮ ಕಾಲ ಕೆಳಗಿನ ನೆಲ ಕುಸಿದಂತಾಯಿತು. ಹುಡುಗನ ಕಣ್ಣು ಉಳಿಯಿತು. ಉಜ್ಜದೆ, ಏನೂ ಬಿಡದೆ, ಶುದ್ಧ ನೀರಿನಿಂದ ತೊಳೆದು ಅವತ್ತೇ ಹೊರಟಿದ್ದರೆ ಅವನ ತಾಯಿ ಅಷ್ಟು ಕಣ್ಣೀರು ಹಾಕಬೇಕಿರಲಿಲ್ಲ.

ಹುಲ್ಲಿಗೆ ಹೋಗುವಾಗ ತುಂಬು ತೋಳಿನ ಅಂಗಿ ಹಾಕಿ. ಹೊರೆ ತಲೆಗೆ ಇಡುವ ಮೊದಲು ಒಮ್ಮೆ ಚೆನ್ನಾಗಿ ಕೊಡವಿ. ಡೈರಿ ಮುಂದಿನ ನುಗ್ಗೆ ಮರದಲ್ಲಿ ಈಗಲೂ ಒಂದು ಗುಂಪಿದೆ, ಸಂಜೆ ಹಾಲು ತರುವ ಮಕ್ಕಳನ್ನು ಅದರ ಕೆಳಗೆ ನಿಲ್ಲಿಸಬೇಡಿ. ಪಂಜು ಹಿಡಿದು ಸುಡೋಣ ಎಂದು ಯಾರೋ ಹೇಳುತ್ತಿದ್ದರು, ಬೇಡ, ಕೂದಲು ಗಾಳಿಗೆ ಹಾರುತ್ತದೆ. ನಾಳೆ ಬೆಳಿಗ್ಗೆ ಗಾಳಿಗೆ ಬೆನ್ನು ಕೊಟ್ಟು ನಿಂತು, ಸೋಪು ನೀರು ಹೊಡೆದು, ಉದ್ದ ಕೋಲಿನಿಂದ ಕೆರೆದು, ಗುಂಡಿ ತೋಡಿ ಮುಚ್ಚುತ್ತೇವೆ. ಇಬ್ಬರು ಯುವಕರು ಬಂದರೆ ಸಾಕು.