ಹೊಲದ ಕೂಲಿಯ ಅಂಕಿ ಬರೆಯುವವರು ಯಾರು?

ಹಿಂದಿನ ಸಾಲಿನವರಿಗೂ ಕೇಳಿಸ್ತಾ ಇದೆ ಅಂದುಕೊಳ್ತೀನಿ.

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನು, ಊರು ಗದಗ ಜಿಲ್ಲೆ. ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ, ಕಾರ್ಮಿಕ ಕಾನೂನಿನಲ್ಲಲ್ಲ. ಆದರೂ ಈ ವಿಷಯ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಇಲ್ಲಿ ಕೂತವರಲ್ಲಿ ಎಷ್ಟು ಜನರಿಗೆ ಊರಲ್ಲಿ ಹೊಲ ಇದೆ? ಸ್ವಲ್ಪ ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿನೇ ಇದೆ. ಈಗ ಎರಡನೇ ಪ್ರಶ್ನೆ. ಹೋದ ಸುಗ್ಗಿಯಲ್ಲಿ ಆ ಹೊಲದಲ್ಲಿ ಹತ್ತಿ ಬಿಡಿಸಿದ ಹೆಣ್ಣುಮಕ್ಕಳಿಗೆ ದಿನಗೂಲಿ ಎಷ್ಟು ಕೊಟ್ಟರು ಅಂತ ಎಷ್ಟು ಜನರಿಗೆ ಗೊತ್ತು? ನಾಲ್ಕು ಕೈ. ಸರಿ.

ಆ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡವರು ಯಾರು? ನಮ್ಮ ಕಾಕಾ ಅಂತೀರಿ. ಕಾನೂನು ಹಾಗೆ ಹೇಳೋದಿಲ್ಲ. ನೇರವಾಗಿ ಇಟ್ಟುಕೊಂಡರೂ, ಇನ್ನೊಬ್ಬರ ಮೂಲಕ ಇಟ್ಟುಕೊಂಡರೂ ಮಾಲೀಕ ಮಾಲೀಕನೇ ಅಂತ 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಇತ್ತು. ಹೊಲವನ್ನು ಲಾವಣಿಗೆ ಕೊಟ್ಟಿದ್ದರೆ ಮಾತು ಬೇರೆ. ಆದರೆ ಕಾಕಾ ನೋಡಿಕೊಳ್ತಾರೆ, ಆಳಿನ ಖರ್ಚು ನಾವು ಇಲ್ಲಿಂದ ಫೋನ್‌ಪೇ ಮಾಡ್ತೀವಿ ಅಂದರೆ ಆ ಕಾನೂನಿನಲ್ಲಿ ಉದ್ಯೋಗದಾತ ಅಂತ ಬರೆದಿರೋದು ನಮ್ಮನ್ನೇ. ಇಲ್ಲಿ ಅಪ್ರೈಸಲ್ ಪತ್ರಕ್ಕೆ ಕಾಯೋ ನೌಕರರು, ಅಲ್ಲಿ ಕೂಲಿ ಕೊಡೋ ಧಣಿಗಳು. ಹಾಗಾಗಿ ಆ ಕೂಲಿಯ ಕೆಳಮಿತಿ ಹೇಗೆ ಗೊತ್ತಾಗುತ್ತೆ, ಯಾವ ಮೇಜಿನ ಸುತ್ತ ಯಾರು ಕೂತು ಅದನ್ನು ಲೆಕ್ಕ ಹಾಕ್ತಾರೆ ಅನ್ನೋದು ನಮಗೂ ಸಂಬಂಧಪಟ್ಟ ವಿಷಯ.

1948ರ ಕಾಯ್ದೆಗೆ ಒಂದು ಅನುಸೂಚಿ ಇತ್ತು. ಮೊದಲ ಭಾಗದಲ್ಲಿ ಅಕ್ಕಿ ಗಿರಣಿ, ಬೀಡಿ, ಕಲ್ಲು ಒಡೆಯೋದು ಇಂಥವು. ಎರಡನೇ ಭಾಗದಲ್ಲಿ ಒಂದೇ ಉದ್ಯೋಗ, ಕೃಷಿ. ಉಳುಮೆ, ಕೊಯ್ಲು, ಹೈನುಗಾರಿಕೆ, ಕೋಳಿ, ಜೇನು ಎಲ್ಲ ಅದರೊಳಗೇ. ಕೃಷಿಗೆ ಕೂಲಿ ನಿಗದಿ ಮಾಡಲು ಮೂರು ವರ್ಷದ ಗಡುವು ಕೊಟ್ಟಿದ್ದರು. ಆ ಗಡುವು ಮುಂದಕ್ಕೆ ಹೋಗ್ತಾನೇ ಇತ್ತು. ನಾನೀಗ ಇರೋ ಮಹಾರಾಷ್ಟ್ರದಲ್ಲೇ ಕೃಷಿ ಕೂಲಿಯ ಬಗ್ಗೆ ವಿ.ಎಸ್. ಪಾಗೆ ಅಧ್ಯಕ್ಷತೆಯ ಸಮಿತಿ ವರದಿ ಕೊಟ್ಟಿದ್ದು 1973ರಲ್ಲಿ.

ಕಾಯ್ದೆಯಲ್ಲಿ ಎರಡು ದಾರಿ ಇದ್ದವು. ಒಂದು, ಸರ್ಕಾರ ಸಮಿತಿ ಮಾಡುತ್ತೆ, ಸಮಿತಿ ವಿಚಾರಣೆ ನಡೆಸಿ ಸಲಹೆ ಕೊಡುತ್ತೆ. ಇನ್ನೊಂದು, ಸರ್ಕಾರವೇ ಕರಡು ದರವನ್ನು ಗೆಜೆಟ್‌ನಲ್ಲಿ ಹಾಕಿ, ಕನಿಷ್ಠ ಎರಡು ತಿಂಗಳು ಆಕ್ಷೇಪಣೆಗೆ ಬಿಟ್ಟು, ಸಲಹಾ ಮಂಡಳಿಯನ್ನು ಕೇಳಿ ಅಂತಿಮ ಮಾಡುತ್ತೆ. ಸಮಿತಿಯಲ್ಲಾಗಲಿ ಮಂಡಳಿಯಲ್ಲಾಗಲಿ ಮಾಲೀಕರ ಕಡೆಯವರು, ಕೆಲಸಗಾರರ ಕಡೆಯವರು ಸಮಸಮ ಇರಬೇಕು. ಯಾವ ಕಡೆಗೂ ಸೇರದ ಸ್ವತಂತ್ರರು ಮೂರನೇ ಒಂದು ಭಾಗ ಮೀರಬಾರದು, ಅಧ್ಯಕ್ಷರು ಅವರಲ್ಲೊಬ್ಬರು. ಎಲ್ಲರನ್ನೂ ನೇಮಿಸೋದು ಸರ್ಕಾರ. ಕಾಗದದ ಮೇಲೆ ಒಳ್ಳೇ ವಿನ್ಯಾಸ. ಆದರೆ ಸರ್ಕಾರಿ ಅಧಿಕಾರಿ ‘ಸ್ವತಂತ್ರ’ ಸದಸ್ಯ ಆಗಬಹುದಾ ಅಂತ ಪ್ರಶ್ನೆ ಬಂದಾಗ, 1970ರ ದಶಕದಲ್ಲಿ ಸುಪ್ರೀಂ ಕೋರ್ಟ್ ಆಗಬಹುದು ಅಂದಿತು. ಅಲ್ಲಿಗೆ ಮೂರನೇ ಕಡೆ ಅನ್ನೋದು ಬಹಳ ಸಲ ಇಲಾಖೆಯೇ ಆಗಿಬಿಡೋ ದಾರಿ ತೆರೆಯಿತು.

ಈಗ ಲೆಕ್ಕಕ್ಕೆ ಬರೋಣ. ನಮಗೆಲ್ಲ ಇಷ್ಟವಾಗೋ ಭಾಗ ಇದು.

1957ರಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರ ಕೊಟ್ಟಿತು. ದುಡಿಯುವವನು 1, ಹೆಂಡತಿ 0.8, ಎರಡು ಮಕ್ಕಳು ತಲಾ 0.6, ಒಟ್ಟು ಮೂರು ಘಟಕ. ಪ್ರತಿ ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಊಟ. ತಲೆಗೆ 18 ಗಜದಂತೆ ನಾಲ್ಕು ಜನರಿಗೆ ವರ್ಷಕ್ಕೆ 72 ಗಜ ಬಟ್ಟೆ. ಮನೆ ಬಾಡಿಗೆ. ಉರುವಲು, ದೀಪ, ಇತರೆಗೆ ಒಟ್ಟು ಮೊತ್ತದ ಶೇ. 20. ಮುಂದೆ 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪಿಗೆ ಅಂತ ಇನ್ನೂ ಶೇ. 25 ಸೇರಿಸಬೇಕು ಅಂದಿತು. ಕೊಡೋ ಶಕ್ತಿ ಇದೆಯೋ ಇಲ್ಲವೋ ಅನ್ನೋದು ಕನಿಷ್ಠ ಕೂಲಿಯ ವಿಷಯದಲ್ಲಿ ನೆಪ ಅಲ್ಲ ಅಂತ ಅದೇ ಕೋರ್ಟ್ 1961ರಲ್ಲೇ ಹೇಳಿಯಾಗಿತ್ತು, ಕೇರಳದ ಹೆಂಚಿನ ಕಾರ್ಖಾನೆಗಳ ಪ್ರಕರಣದಲ್ಲಿ.

ಈ ಸೂತ್ರ ಎಷ್ಟು ಗಟ್ಟಿ ಅಂದ್ರೆ, 2019ರ ವೇತನ ಸಂಹಿತೆಗೆ ಕೇಂದ್ರ ಬರೆದ ಕರಡು ನಿಯಮದಲ್ಲೂ ಮೂರು ಘಟಕ, 2,700 ಕ್ಯಾಲೊರಿ ಹಾಗೇ ಇತ್ತು. ಬಟ್ಟೆ ಮಾತ್ರ 66 ಮೀಟರ್ ಆಗಿತ್ತು. 72 ಗಜವನ್ನು ಮೀಟರಿಗೆ ಬದಲಿಸಿ ನೋಡಿ, ಅಷ್ಟೇ ಬರುತ್ತೆ. ಅರವತ್ತು ವರ್ಷದ ನಂತರ ಆದದ್ದು ಯೂನಿಟ್ ಕನ್ವರ್ಷನ್! ನಮ್ಮ ಆಫೀಸಿನ ಹಳೇ ಕೋಡು ನೆನಪಾಯ್ತು ನನಗೆ.

ಸೂತ್ರ ಮಾನವೀಯವಾಗಿದೆ, ಅದನ್ನು ನಾನು ಹಗುರ ಮಾಡೋದಿಲ್ಲ. ಆದರೆ ಅದು ಗಿರಣಿ ಕೆಲಸಗಾರನನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ್ದು. ಗಂಡ ದುಡಿಯೋದು, ಹೆಂಡತಿ ಮನೆಯಲ್ಲಿರೋದು, ಅದಕ್ಕೇ ಅವಳಿಗೆ 0.8. ಬಿಸಿಲಲ್ಲಿ ಬಗ್ಗಿ ದಿನವಿಡೀ ಕಸ ತೆಗೆಯೋ ಹೆಣ್ಣುಮಗಳು ಇಲ್ಲಿ ದುಡಿಯುವವಳಾಗಿ ಬರೋದೇ ಇಲ್ಲ. ಮುಪ್ಪಿನ ಅತ್ತೆ ಮಾವಂದಿರೂ ಇಲ್ಲ. ಇದಕ್ಕಿಂತ ದೊಡ್ಡ ತೊಡಕು ದಿನಗಳದ್ದು. ತಿಂಗಳ ಖರ್ಚನ್ನು 26 ದಿನಕ್ಕೆ ಭಾಗಿಸಿ ದಿನಗೂಲಿ ತೆಗೀತಾರೆ. ಕಾರ್ಖಾನೆಯಲ್ಲಿ 26 ದಿನ ಕೆಲಸ ಇರುತ್ತೆ. ಒಣ ಬೇಸಾಯದ ನಮ್ಮ ಕಡೆ ಹೆಸರು ಬಿಡಿಸೋವಾಗ, ಮೆಣಸಿನಕಾಯಿ ಹರಿಯೋವಾಗ ಕೈ ತುಂಬ ಕೆಲಸ, ಬೇಸಿಗೆಯಲ್ಲಿ ಏನೂ ಇಲ್ಲ. ಹದಿನೈದು ದಿನ ಕೆಲಸ ಸಿಕ್ಕ ತಿಂಗಳಲ್ಲೂ ಅವಳ ಕೈಗೆ ಬರೋದು 26ರಿಂದ ಭಾಗಿಸಿದ ಕೂಲಿಯ ಹದಿನೈದು ಪಾಲು. ಉಳಿದ ಹನ್ನೊಂದು ದಿನದ ಅನ್ನವನ್ನು ಸೂತ್ರ ಎಣಿಸಿಕೊಂಡಿತ್ತು, ಕೂಲಿ ಎಣಿಸಲಿಲ್ಲ.

ಇನ್ನು ಸಲಹೆಗೆ ಎಷ್ಟು ಬೆಲೆ? ಇದು ನನ್ನ ಮಾತಿನ ಮುಖ್ಯ ಭಾಗ. ಎಡ್ವರ್ಡ್ ಮಿಲ್ಸ್ ಪ್ರಕರಣದಲ್ಲಿ, 1950ರ ದಶಕದಲ್ಲೇ, ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ, ಸಮಿತಿ ಕೊಡೋದು ಸಲಹೆ ಮಾತ್ರ, ಸರ್ಕಾರ ಅದಕ್ಕೆ ಕಟ್ಟುಬಿದ್ದಿಲ್ಲ ಅಂತ. ಇದರ ಪರಿಣಾಮ ಏನು ಅನ್ನೋದಕ್ಕೆ ಹತ್ತಿರದ ಉದಾಹರಣೆ 2019ರದ್ದು. ಇಡೀ ದೇಶಕ್ಕೆ ಒಂದು ಕೆಳಮಿತಿ ಎಷ್ಟಿರಬೇಕು ಅಂತ ಕೇಂದ್ರ ಸರ್ಕಾರವೇ ಅನೂಪ್ ಸತ್ಪತಿ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿ ಮಾಡಿತ್ತು. ಅವರು ಸೂತ್ರವನ್ನೇ ಹೊಸದಾಗಿ ನೋಡಿದರು. ಕ್ಯಾಲೊರಿಯನ್ನು 2,400ಕ್ಕೆ ಇಳಿಸಿದರು, ಜೊತೆಗೆ 50 ಗ್ರಾಂ ಪ್ರೋಟೀನ್, 30 ಗ್ರಾಂ ಕೊಬ್ಬು ಸೇರಿಸಿದರು, ಕುಟುಂಬವನ್ನು 3.6 ಘಟಕ ಮಾಡಿದರು. ಉತ್ತರ ಬಂತು, 2018ರ ಜುಲೈ ಬೆಲೆಯಲ್ಲಿ ದಿನಕ್ಕೆ 375 ರೂಪಾಯಿ, ತಿಂಗಳಿಗೆ 9,750. ಆಗ ಇದ್ದ ರಾಷ್ಟ್ರೀಯ ಕೆಳಮಿತಿ 176. ವರದಿ ಬಂದದ್ದು ಜನವರಿಯಲ್ಲಿ. ಅದೇ ವರ್ಷ ಜುಲೈನಲ್ಲಿ ಸರ್ಕಾರ ಪ್ರಕಟಿಸಿದ ಹೊಸ ಅಂಕಿ 178.

ಎರಡು ರೂಪಾಯಿ ಹೆಚ್ಚಳ. ನೀವು ನಗ್ತಾ ಇದ್ದೀರಿ, ನಾನೂ ಮೊದಲ ಸಲ ನಕ್ಕಿದ್ದೆ. 2021ರಲ್ಲಿ ಮತ್ತೊಂದು ತಜ್ಞರ ಗುಂಪು ಮಾಡಿದರು, ಅದಕ್ಕೆ ಮೂರು ವರ್ಷದ ಅವಧಿ ಕೊಟ್ಟರು.

ಸಲಹೆ ಅಂದ್ರೆ ಹೀಗೇ ಇರಬೇಕಾ? ಬ್ರಿಟನ್ನಿನ ವೇಲ್ಸ್‌ನಲ್ಲಿ ಬೇರೆ ಥರ ಮಾಡಿಕೊಂಡಿದ್ದಾರೆ. ನಮ್ಮ ಕಾಯ್ದೆ ಬಂದ 1948ರಲ್ಲೇ ಅಲ್ಲೂ ಕೃಷಿ ಕೂಲಿಗೆ ಪ್ರತ್ಯೇಕ ಕಾಯ್ದೆ, ಪ್ರತ್ಯೇಕ ಮಂಡಳಿ ಇತ್ತು. 2013ರಲ್ಲಿ ಲಂಡನ್ ಸರ್ಕಾರ ಆ ಮಂಡಳಿಯನ್ನು ತೆಗೆದುಹಾಕಿತು. ವೇಲ್ಸ್ ಒಪ್ಪಲಿಲ್ಲ, ತನ್ನದೇ ಕಾನೂನು ಮಾಡಿತು. ಉದ್ಯೋಗದ ವಿಷಯ ನಿಮ್ಮ ಅಧಿಕಾರಕ್ಕೆ ಬರೋದಿಲ್ಲ ಅಂತ ಲಂಡನ್ ಕಡೆಯಿಂದ ಸುಪ್ರೀಂ ಕೋರ್ಟಿಗೆ ಹೋದರು. ಇದು ಕೃಷಿಯ ವಿಷಯವೂ ಹೌದು, ವೇಲ್ಸ್ ಮಾಡಬಹುದು ಅಂತ 2014ರಲ್ಲಿ ತೀರ್ಪು ಬಂತು. ಕೇಂದ್ರ ರಾಜ್ಯ ಜಗಳ ನಮಗೆ ಮಾತ್ರ ಮೀಸಲಲ್ಲ ನೋಡಿ. 2016ರಿಂದ ಅಲ್ಲಿ ಕೃಷಿ ಸಲಹಾ ಸಮಿತಿ ಇದೆ. ರೈತ ಸಂಘಟನೆಗಳು, ಕಾರ್ಮಿಕ ಸಂಘ, ಸ್ವತಂತ್ರ ಸದಸ್ಯರು. ಕುರಿ ಕಾಯೋ ಕೆಲಸಗಾರ ತನ್ನ ನಾಯಿಯನ್ನು ತರಬೇಕಾದರೆ ನಾಯಿಗೂ ಭತ್ಯೆ ಬರೀತಾರೆ, ಅಷ್ಟು ವಿವರ.

ನನಗೆ ಮುಖ್ಯ ಅನ್ನಿಸಿದ್ದು ನಾಯಿ ಅಲ್ಲ, ಒಂದು ಸಣ್ಣ ನಿಯಮ. ಆದೇಶದ ಕರಡನ್ನು ಬರೆಯೋದು ಸಮಿತಿ. ಮಂತ್ರಿಗಳ ಮುಂದೆ ಎರಡೇ ಆಯ್ಕೆ. ಒಪ್ಪಿ ಆದೇಶ ಹೊರಡಿಸಬೇಕು, ಇಲ್ಲವೇ ಮರುಪರಿಶೀಲನೆಗೆ ಸಮಿತಿಗೆ ವಾಪಸ್ ಕಳಿಸಬೇಕು. ತಮಗೆ ಬೇಕಾದ ಅಂಕಿ ಬರೆಯೋಕೆ ಆ ಕಾನೂನು ಜಾಗ ಬಿಟ್ಟಿಲ್ಲ. ಅದೂ ಸಲಹಾ ಸಮಿತಿಯೇ, ನಮ್ಮದೂ ಸಲಹಾ ಮಂಡಳಿಯೇ. ಆದರೆ ಪೆನ್ನು ಯಾರ ಕೈಯಲ್ಲಿದೆ ಅನ್ನೋದು ಬೇರೆ.

ವೇಲ್ಸ್‌ನಲ್ಲಿ ಕೆಲಸಗಾರರ ಕುರ್ಚಿಯಲ್ಲಿ ಕೂರೋಕೆ ಯೂನಿಯನ್ ಇದೆ. ನಮ್ಮಲ್ಲಿ ಹೊಲದ ಕೂಲಿಯವರಿಗೆ ಕೇರಳ, ತಮಿಳುನಾಡಿನ ಕೆಲವು ಕಡೆ ಬಿಟ್ಟರೆ ಬಲವಾದ ಸಂಘ ಕಡಿಮೆ. ಒಂದು ಹೊಲದಲ್ಲಿ ಇವತ್ತು ಎಂಟು ಜನ, ನಾಳೆ ಇನ್ನೊಬ್ಬರ ಹೊಲ. ಗೇಟ್ ಇಲ್ಲ, ಹಾಜರಿ ಪುಸ್ತಕ ಇಲ್ಲ. ಗೆಜೆಟ್‌ನಲ್ಲಿ ಕರಡು ಬಂದಾಗ ಉದ್ಯಮಗಳ ಸಂಘದವರು ಲೆಟರ್‌ಹೆಡ್‌ನಲ್ಲಿ ಆಕ್ಷೇಪಣೆ ಕಳಿಸ್ತಾರೆ. ಕಸ ತೆಗೆಯೋ ಹೆಣ್ಣುಮಗಳ ಪರವಾಗಿ ಬರೆಯುವವರು ಯಾರು?

ಕಾಕಾನ ಕಡೆಯ ಮಾತನ್ನೂ ಹೇಳಬೇಕು. “ಆಳು ಸಿಗೂದಿಲ್ಲೋ ತಮ್ಮಾ, ಸಿಕ್ಕರೂ ರೇಟ್ ಕೇಳಬ್ಯಾಡ. ಹತ್ತಿಗೆ ರೇಟ್ ಎಲ್ಲೈತಿ?” ಅಂತಾರೆ. ಸುಳ್ಳಲ್ಲ. ಬೆಂಬಲ ಬೆಲೆ ಶಿಫಾರಸು ಮಾಡೋದೂ ಒಂದು ಸಲಹಾ ಆಯೋಗವೇ, ಅವರ ಸಲಹೆಯೂ ಸಲಹೆಯೇ. ಮಾರುಕಟ್ಟೆಯಲ್ಲಿ ಆ ಬೆಲೆ ಸಿಗದೆ ಇದ್ದಾಗ ಎರಡು ಎಕರೆಯ ರೈತ ಕೂಲಿಯಲ್ಲೇ ಹಿಡೀತಾನೆ, ಬೇರೆ ಯಾವುದನ್ನೂ ಹಿಡಿಯೋಕೆ ಆಗಲ್ಲ. ಗೊಬ್ಬರದಂಗಡಿಯವನು ಚೌಕಾಸಿಗೆ ಬಗ್ಗಲ್ಲ. ಆದರೆ ಈ ವಾದ ಎರಡು ಎಕರೆಯವನ ಬಾಯಲ್ಲಿ ಒಪ್ಪುತ್ತೆ. ಪುಣೆಯಲ್ಲಿ ಫ್ಲ್ಯಾಟ್ ಇಎಂಐ ಕಟ್ಟೋ ನಮ್ಮ ಬಾಯಲ್ಲಿ ಅಷ್ಟು ಒಪ್ಪಲ್ಲ ಅಂತ ನನ್ನ ಅಭಿಪ್ರಾಯ.

ಸರ್ಕಾರಗಳ ನಡತೆಯೂ ಕುತೂಹಲದ್ದು. ಉದ್ಯೋಗ ಖಾತ್ರಿ ಯೋಜನೆ 2006ರಲ್ಲಿ ಶುರುವಾದಾಗ, ಆಯಾ ರಾಜ್ಯದ ಕೃಷಿ ಕನಿಷ್ಠ ಕೂಲಿಯನ್ನೇ ಅಲ್ಲಿ ಕೊಡಬೇಕಿತ್ತು, ಆ ಕೂಲಿಯ ದುಡ್ಡು ಕೇಂದ್ರದ್ದು. ಆಗ ಹಲವು ರಾಜ್ಯಗಳು ಕೃಷಿ ಕೂಲಿಯನ್ನು ಏರಿಸಿದವು. ವರ್ಷಗಟ್ಟಲೆ ಧೂಳು ತಿಂದ ಅಂಕಿಗೆ ಜೀವ ಬಂತು. 2009ರ ಜನವರಿಯಲ್ಲಿ ಕೇಂದ್ರ ಈ ಕೊಂಡಿಯನ್ನು ಕತ್ತರಿಸಿತು. ಕರ್ನಾಟಕ ಹೈಕೋರ್ಟ್ 2011ರ ಸೆಪ್ಟೆಂಬರ್‌ನಲ್ಲಿ, ಖಾತ್ರಿ ಕೆಲಸಕ್ಕೂ ರಾಜ್ಯದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ ಅಂದಿತು. ಕೇಂದ್ರ ಮೇಲ್ಮನವಿ ಹೋದಾಗ ಸುಪ್ರೀಂ ಕೋರ್ಟ್ ತಡೆ ಕೊಡಲಿಲ್ಲ. ಕನಿಷ್ಠಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳೋದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ ಅದೇ ಕೋರ್ಟು 1982ರಲ್ಲಿ, ದೆಹಲಿ ಏಷ್ಯಾಡ್ ಕಾಮಗಾರಿಯ ಪ್ರಕರಣದಲ್ಲಿ ಹೇಳಿತ್ತಲ್ಲ.

ಈಗ ಹಳೇ ಕಾಯ್ದೆ ಹೋಗಿ ವೇತನ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿ. ಅನುಸೂಚಿ ಇಲ್ಲ, ಎಲ್ಲ ಉದ್ಯೋಗಕ್ಕೂ ಕನಿಷ್ಠ ಕೂಲಿ. ಇನ್ನೊಬ್ಬರ ಮೂಲಕ ಇಟ್ಟುಕೊಂಡವರೂ ಉದ್ಯೋಗದಾತರೇ ಅನ್ನೋದು ಇದರಲ್ಲೂ ಇದೆ. ಕಡಿಮೆ ಕೊಟ್ಟರೆ ಮೊದಲ ಸಲ 50,000 ರೂಪಾಯಿವರೆಗೆ ದಂಡ, ಹಳೇ ಕಾಯ್ದೆಯಲ್ಲಿ ದಂಡ 500 ಇತ್ತು. ಕೇಂದ್ರ ಒಂದು ತಳಮಟ್ಟದ ಕೂಲಿ ನಿಗದಿ ಮಾಡುತ್ತೆ, ರಾಜ್ಯ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಸಲಹಾ ಮಂಡಳಿಯ ರಚನೆ ಬಹುಪಾಲು ಹಳೇದೇ, ಆದರೆ ಸದಸ್ಯರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು ಇರಬೇಕು ಅಂತ ಹೊಸದಾಗಿ ಸೇರಿದೆ. ನನ್ನ ಮಟ್ಟಿಗೆ ಇಡೀ ಸಂಹಿತೆಯಲ್ಲಿ ಹೊಲಕ್ಕೆ ಹತ್ತಿರವಾದ ಸಾಲು ಇದು, ಆ ಕುರ್ಚಿಗಳಿಗೆ ಕಸ ತೆಗೆದು ಗೊತ್ತಿರುವವರನ್ನು ಕರೆದರೆ. ಗೆಜೆಟ್‌ನಲ್ಲಿ ಕರಡು ಹಾಕಿದರೆ ಎರಡು ತಿಂಗಳ ಅವಧಿ ಈಗಲೂ ಇದೆ. ಆಕ್ಷೇಪಣೆ ಬರೆಯಲು ಸಂಘ ಬೇಕಿಲ್ಲ, ಕನ್ನಡದಲ್ಲಿ ಒಂದು ಹಾಳೆ ಸಾಕು. ಹೊಲದ ಮಾಲೀಕರೇ, ಕೂಲಿ ಕಡಿಮೆ ಆಯ್ತು ಅಂತ ಬರೆದ ಹಾಳೆ ಬಂದರೆ ಆ ಮೇಜಿನ ಸುತ್ತ ಕೂತವರು ಅದನ್ನು ಎರಡು ಸಲ ಓದ್ತಾರೆ ಅನ್ನೋದು ನನ್ನ ಅಂದಾಜು.

ಪ್ರಶ್ನೆಗಳಿದ್ದರೆ ಕೇಳಿ. ಮೈಕ್ ಅಲ್ಲಿ ಕೊಡಿ, ಆ ಅಕ್ಕನಿಗೆ, ಆಗಲೇ ಕೈ ಎತ್ತಿದ್ದಾರೆ.