ಉಳಿದ ಇಬ್ಬರು ಎಲ್ಲಿ?

(ವೈದ್ಯಕೀಯ ಪತ್ರಿಕೆಗೆ ಲೇಖನವನ್ನು ಸಿದ್ಧಪಡಿಸುವ ಬಗೆಯನ್ನು ಕುರಿತು ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸ)



ವೈದ್ಯರನ್ನು ಭಾಷಣಕ್ಕೆ ಕರೆದರೆ ಸಕ್ಕರೆ ಕಾಯಿಲೆಯನ್ನೋ ಹೃದಯಾಘಾತವನ್ನೋ ಕುರಿತು ಹೇಳುವರೆಂಬ ನಿರೀಕ್ಷೆ ಸಹಜ. ಇಂದು ಅದನ್ನು ಬಿಟ್ಟು, ವೈದ್ಯಕೀಯ ಪತ್ರಿಕೆಗೆ ಕಳುಹಿಸುವ ಲೇಖನವನ್ನು ಸಿದ್ಧಪಡಿಸುವ ಕೆಲಸದ ಬಗೆಗೆ ಮಾತನಾಡಲು ತಮ್ಮ ಅಪ್ಪಣೆ ಬೇಡುತ್ತೇವೆ. ಇದಕ್ಕೆ ಕಾರಣವಿದೆ. ನಮ್ಮ ಮನೆಗಳ ಮಕ್ಕಳು ಅನೇಕರು ವೈದ್ಯಕೀಯ ವ್ಯಾಸಂಗದಲ್ಲಿದ್ದಾರೆ. ಮುಂದಿನ ತರಬೇತಿಗೆ ಅರ್ಜಿ ಹಾಕುವ ಮುನ್ನ ಪ್ರಕಟಿತ ಲೇಖನಗಳಿರಬೇಕೆಂದು ಧಾವಂತ ಪಡುತ್ತಿದ್ದಾರೆ. "ಅಂಕಲ್, ನಿಮ್ಮ ಪೇಪರಿನಲ್ಲಿ ನನ್ನ ಹೆಸರೂ ಸೇರಿಸುವಿರಾ?" ಎಂದು ಕೇಳುವವರೂ ಉಂಟು. ಅವರಿಗೆ ಕೊಡಬೇಕಾದ ಉತ್ತರ ನಮ್ಮ ಮೊದಲ ಲೇಖನದ ಕಥೆಯಿಂದ ಆರಂಭವಾಗುತ್ತದೆ.

ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಬಂದು ರೆಸಿಡೆನ್ಸಿಯ ಎರಡನೆಯ ವರ್ಷದಲ್ಲಿದ್ದಾಗ, ರಕ್ತದೊತ್ತಡಕ್ಕೆ ಏಸ್ ಇನ್ಹಿಬಿಟರ್ ಗುಂಪಿನ ಮಾತ್ರೆ ಪಡೆಯುತ್ತಿದ್ದ ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿ ಚಿಕ್ಕದೊಂದು ಲೇಖನ ಬರೆದೆವು. ನಮ್ಮ ಇಂಗ್ಲಿಷ್ ಸಾಲದೇನೋ ಎಂಬ ಅಳುಕಿನಿಂದ ಪ್ರತಿಯೊಂದು ವಾಕ್ಯವನ್ನೂ ಹತ್ತು ಬಾರಿ ತಿದ್ದಿದೆವು. ಲೇಖನ ಹಿಂದಿರುಗಿ ಬಂದಾಗ ವಿಮರ್ಶಕರು ಭಾಷೆಯ ಬಗೆಗೆ ಒಂದು ಮಾತನ್ನೂ ಆಡಿರಲಿಲ್ಲ. ಸಾರಾಂಶದಲ್ಲಿ 43 ರೋಗಿಗಳು, ಕೋಷ್ಟಕದಲ್ಲಿ 41. ಉಳಿದ ಇಬ್ಬರು ಎಲ್ಲಿ, ಎಂದಷ್ಟೇ ಕೇಳಿದ್ದರು.

ಕಡತಗಳನ್ನು ತೆರೆದು ನೋಡಿದೆವು. ಒಣಕೆಮ್ಮನ್ನು ತಾಳಲಾರದೆ ಇಬ್ಬರೂ ಮಾತ್ರೆಯನ್ನು ನಿಲ್ಲಿಸಿದ್ದರು. ಆ ಗುಂಪಿನ ಔಷಧಿಗಳಿಂದ ಒಣಕೆಮ್ಮು ಬರಬಹುದೆಂಬುದು ಆ ವೇಳೆಗಾಗಲೇ ತಿಳಿದಿದ್ದ ಸಂಗತಿ. ಚಿಕಿತ್ಸೆ ಪೂರೈಸಲಿಲ್ಲವೆಂದು ಅವರನ್ನು ಎಣಿಕೆಯಿಂದ ಕೈಬಿಟ್ಟಿದ್ದೆವು. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಆದರೂ ನಮ್ಮ ಕೋಷ್ಟಕವನ್ನು ನಂಬಿದ ವೈದ್ಯರಿಗೆ ಆ ಮಾತ್ರೆ ಎಲ್ಲರಿಗೂ ಒಗ್ಗುತ್ತದೆಂದು ತೋರುತ್ತಿತ್ತು. ಹಸ್ತಪ್ರತಿಯ ಸಿದ್ಧತೆಯೆಂದರೆ ಭಾಷೆಯ ಅಲಂಕಾರವಲ್ಲ, ಲೆಕ್ಕ ಒಪ್ಪಿಸುವ ಕೆಲಸವೆಂಬುದು ಅಂದು ಮನವರಿಕೆಯಾಯಿತು.

ಅಂದಿನಿಂದ ನಾವು ಅನುಸರಿಸುವ ಕ್ರಮ ಹೀಗಿದೆ. ಮೊದಲು ಕೋಷ್ಟಕಗಳನ್ನೂ ಚಿತ್ರಗಳನ್ನೂ ಸಿದ್ಧಪಡಿಸುತ್ತೇವೆ. ಅನಂತರ ವಿಧಾನ: ಯಾರನ್ನು ಸೇರಿಸಿಕೊಂಡೆವು, ಯಾರನ್ನು ಬಿಟ್ಟೆವು, ಏನನ್ನು ಹೇಗೆ ಅಳೆದೆವು ಎಂಬುದನ್ನು ಮತ್ತೊಬ್ಬರು ಓದಿ ಹಾಗೆಯೇ ಮಾಡಿನೋಡುವಂತೆ ಬರೆಯಬೇಕು. ಬಳಿಕ ಫಲಿತಾಂಶ, ಅಲ್ಲಿ ಅಭಿಪ್ರಾಯಕ್ಕೆ ಎಡೆಯಿಲ್ಲ. ಚರ್ಚೆಯ ಭಾಗದಲ್ಲಿ ನಮ್ಮ ಅಧ್ಯಯನದ ಕೊರತೆಗಳನ್ನು ನಾವೇ ಹೇಳಬೇಕು. ಪೀಠಿಕೆ ಚಿಕ್ಕದಾಗಿರಲಿ. ಓದುವವರ ಕಣ್ಣಿಗೆ ಮೊದಲು ಬೀಳುವ ಸಾರಾಂಶವನ್ನು ಬರೆಯಬೇಕಾದದ್ದು ಕಟ್ಟಕಡೆಗೆ. ಕಳುಹಿಸುವ ಹಿಂದಿನ ದಿನ ಪೆನ್ಸಿಲ್ ಹಿಡಿದು ಕುಳಿತು, ಸಾರಾಂಶದ ಪ್ರತಿ ಅಂಕಿಯೂ ಕೋಷ್ಟಕದ ಅಂಕಿಯೊಡನೆ ತಾಳೆಯಾಗುವುದೇ ಎಂದು ನೋಡುತ್ತೇವೆ.

ವಿಮರ್ಶಕರು ನಮಗೆ ಕೇಳಿದ ಪ್ರಶ್ನೆ ಈಗ ನಿಯಮವೇ ಆಗಿದೆ. ಚಿಕಿತ್ಸಾ ಪ್ರಯೋಗಗಳ ವರದಿಗಾಗಿ 1996ರಲ್ಲಿ ಮೊದಲು ಹೊರಬಂದ ಕಾನ್ಸಾರ್ಟ್ ಮಾರ್ಗಸೂಚಿಯು, ಎಷ್ಟು ಜನ ಸೇರಿದರು, ಎಷ್ಟು ಜನ ನಡುವೆ ಬಿಟ್ಟರು, ಏಕೆ ಬಿಟ್ಟರು ಎಂಬುದನ್ನು ನಕ್ಷೆಯಾಗಿ ತೋರಿಸಬೇಕೆನ್ನುತ್ತದೆ. ಒಬ್ಬ ರೋಗಿಯ ವೃತ್ತಾಂತವನ್ನು ಬರೆಯುವವರಿಗೆ 2013ರ ಕೇರ್ ಮಾರ್ಗಸೂಚಿಯಿದೆ. ಬರೆಯಲು ಕೂರುವ ಮುನ್ನವೇ ಇವನ್ನೂ, ಆಯ್ದ ಪತ್ರಿಕೆಯು ಲೇಖಕರಿಗೆ ನೀಡಿರುವ ಸೂಚನೆಗಳನ್ನೂ ಓದಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆ.

ಇದೆಲ್ಲ ಬರಿಯ ಶಿಷ್ಟಾಚಾರವೆಂದು ತೋರಬಹುದು. ಒಬ್ಬರೇ ವೈದ್ಯರ ಎರಡು ಬರಹಗಳನ್ನು ನೆನೆಯೋಣ. 1961ರ ಡಿಸೆಂಬರಿನಲ್ಲಿ ಸಿಡ್ನಿಯ ಪ್ರಸೂತಿ ತಜ್ಞ ವಿಲಿಯಂ ಮೆಕ್‌ಬ್ರೈಡ್ ಅವರು 'ಲ್ಯಾನ್ಸೆಟ್' ಪತ್ರಿಕೆಗೆ ಕೆಲವೇ ಸಾಲುಗಳ ಪತ್ರ ಬರೆದರು. ಥಾಲಿಡೊಮೈಡ್ ಸೇವಿಸಿದ ಗರ್ಭಿಣಿಯರ ಶಿಶುಗಳಲ್ಲಿ ತೀವ್ರ ಅಂಗವೈಕಲ್ಯ ಕಾಣುತ್ತಿದೆ, ಇತರರೂ ಇಂಥದನ್ನು ಕಂಡಿದ್ದೀರಾ ಎಂದು ಕೇಳಿದರು. ಕಂಡದ್ದನ್ನು ಕಂಡಷ್ಟೇ ಹೇಳಿದ ಆ ಪತ್ರ ಜಗತ್ತನ್ನು ಎಚ್ಚರಿಸಿತು. ಅವರೇ 1982ರಲ್ಲಿ ಮತ್ತೊಂದು ಔಷಧವನ್ನು ಕುರಿತು ಪ್ರಬಂಧ ಪ್ರಕಟಿಸಿದಾಗ, ಮೊಲಗಳ ಮೇಲಿನ ಪ್ರಯೋಗದ ಅಂಕಿಗಳು ಬದಲಾಗಿರುವುದನ್ನು ಅವರ ಕಿರಿಯ ಸಹೋದ್ಯೋಗಿಯೇ ಕಂಡುಹಿಡಿದರು. ವಂಚನೆ ಸಾಬೀತಾಗಿ, 1993ರಲ್ಲಿ ವೈದ್ಯರ ಪಟ್ಟಿಯಿಂದ ಮೆಕ್‌ಬ್ರೈಡ್ ಅವರ ಹೆಸರನ್ನು ತೆಗೆದುಹಾಕಲಾಯಿತು. ಜಗತ್ತೇ ಮನ್ನಿಸಿದ ಹೆಸರೂ ತಪ್ಪು ಅಂಕಿಯನ್ನು ಕಾಪಾಡಲಾರದು.

ಹೆಸರಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. 1978ರಲ್ಲಿ ವ್ಯಾಂಕೂವರಿನಲ್ಲಿ ಕೆಲವು ಸಂಪಾದಕರು ಸೇರಿ ಆರಂಭಿಸಿದ ಕೂಟವೇ ಇಂದಿನ ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ. ಅದರ ಪ್ರಕಾರ ಲೇಖಕರೆನಿಸಿಕೊಳ್ಳಲು ನಾಲ್ಕು ಅರ್ಹತೆಗಳು ಬೇಕು: ಅಧ್ಯಯನದಲ್ಲಿ ಗಣನೀಯ ಪಾಲು, ಬರವಣಿಗೆಯಲ್ಲಿ ಅಥವಾ ಮಹತ್ವದ ತಿದ್ದುಪಡಿಯಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಮತ್ತು ಇಡೀ ಕೆಲಸಕ್ಕೆ ಉತ್ತರದಾಯಿತ್ವ. ಗುರುಹಿರಿಯರಿಗೆ ಗೌರವ ಸಲ್ಲಿಸುವುದು ನಮ್ಮ ಸಂಸ್ಕಾರ. ಅದಕ್ಕೆ ಕೃತಜ್ಞತೆಯ ಪುಟವಿದೆ. ಲೇಖಕರ ಸಾಲು ತಾಂಬೂಲದಂತೆ ಹಂಚುವ ವಸ್ತುವಲ್ಲ. ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಲೇಖಕರೆಂದು ನಮೂದಿಸುವಂತಿಲ್ಲ, ಬಳಸಿದ್ದರೆ ತಿಳಿಸಬೇಕೆಂದು ಅದೇ ಸಮಿತಿ 2023ರಲ್ಲಿ ಹೇಳಿದೆ. ಆ ಸಾಧನಗಳು ಇಲ್ಲದ ಗ್ರಂಥಗಳನ್ನೂ ಆಧಾರವೆಂದು ತೋರಿಸುವುದುಂಟು. ಮೂಲವನ್ನು ಸ್ವತಃ ಓದದೆ ಯಾವುದನ್ನೂ ಉಲ್ಲೇಖಿಸಬಾರದು.

ಕಡೆಯದಾಗಿ, ರೋಗಿಯ ಮಾನ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಗುರುತು ಮರೆಯಾಗದು. "ಈ ನಗರದ, 58 ವರ್ಷದ, ದಕ್ಷಿಣ ಭಾರತ ಮೂಲದ ಸಂಗೀತ ಶಿಕ್ಷಕಿ" ಎಂದು ಬರೆದರೆ, ಹೆಸರಿಲ್ಲದಿದ್ದರೂ ನಮ್ಮಂಥ ಚಿಕ್ಕ ಸಮುದಾಯದಲ್ಲಿ ಯಾರೆಂದು ಊಟದ ಸಾಲಿನಲ್ಲೇ ತಿಳಿದುಹೋಗುತ್ತದೆ. ಗುರುತು ಮರೆಸಲೆಂದು ವಿವರಗಳನ್ನು ಸುಳ್ಳಾಗಿ ಬದಲಿಸುವುದೂ ಸಲ್ಲದು, ಅನಗತ್ಯವಾದುದನ್ನು ಬಿಡಬೇಕು. ಗುರುತು ಸಿಗುವ ಸಂಭವವಿದ್ದರೆ, ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಅವರು ಬೇಡವೆಂದರೆ ಲೇಖನವನ್ನು ಅಲ್ಲಿಗೇ ನಿಲ್ಲಿಸಬೇಕು.

ನಮ್ಮ ಆ ಲೇಖನದಲ್ಲಿ ಇಬ್ಬರನ್ನೂ ಸೇರಿಸಿ ಮತ್ತೆ ಬರೆದಾಗ ಫಲಿತಾಂಶ ಮೊದಲಿನಷ್ಟು ಸೊಗಸಾಗಿ ಕಾಣಲಿಲ್ಲ. ಮೊದಲ ಪತ್ರಿಕೆ ಅದನ್ನು ತಿರಸ್ಕರಿಸಿತು. ಬೇರೊಂದು ಚಿಕ್ಕ ಪತ್ರಿಕೆ ಪ್ರಕಟಿಸಿತು. ಅದನ್ನು ಓದಿದವರು ಹೆಚ್ಚಿರಲಾರರು, ಆದರೆ ಅದರ ಲೆಕ್ಕ ಸರಿಯಿದೆ.

ಆದುದರಿಂದ ಹೆಸರು ಸೇರಿಸಿರೆಂದು ಕೇಳುವ ಮಕ್ಕಳಿಗೆ ನಮ್ಮ ಉತ್ತರವಿಷ್ಟೆ: ಹೆಸರನ್ನು ಕೊಡಲಾರೆವು, ಕೆಲಸವನ್ನು ಕೊಡಬಲ್ಲೆವು. ಆಸ್ಪತ್ರೆಯ ಅನುಮತಿ ಪಡೆದು ಶನಿವಾರ ಬೆಳಿಗ್ಗೆ ಬನ್ನಿ, ಜೊತೆಯಲ್ಲಿ ಕುಳಿತು ಎಣಿಸೋಣ. ಲೆಕ್ಕ ತಪ್ಪಿದ ಕಡೆ "ಉಳಿದ ಇಬ್ಬರು ಎಲ್ಲಿ?" ಎಂದು ನಮ್ಮನ್ನೇ ಕೇಳಿ.