ಮೆಂತ್ಯದ ನೀರು, ಮಧುನಾಶಿನಿ ಮತ್ತು ಮಾತ್ರೆ

ಶುಗರ್ ಕಾಯಿಲೆಗೆ ಮದ್ದೆಂದು ಬಳಸುವ, ಕನ್ನಡದಲ್ಲಿ ಮಧುನಾಶಿನಿ ಅನ್ನುವ ಬಳ್ಳಿಗೆ ತೆಲುಗಿನಲ್ಲಿ ಪೊಡಪತ್ರಿ ಎಂದು ಹೆಸರು. ಅದರ ಹಸಿ ಎಲೆ ಅಗಿದು, ಆಮೇಲೆ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸಿಹಿಯೇ ತಿಳಿಯುವುದಿಲ್ಲ. ಮರಳು ಕಡಿದ ಹಾಗಿರುತ್ತದೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಗೆಯ ಮೇಲೆ ಸಿಹಿಯನ್ನು ಗುರುತಿಸುವ ಜಾಗಕ್ಕೆ ಅಡ್ಡ ಕೂರುತ್ತದೆ, ಸ್ವಲ್ಪ ಹೊತ್ತಿಗೆ ಬಿಟ್ಟುಹೋಗುತ್ತದೆ. ಬಾಯಲ್ಲಿ ಸತ್ತ ಸಕ್ಕರೆ ರಕ್ತದಲ್ಲೂ ಸತ್ತಿತು ಎಂದು ನಂಬಲು ಇನ್ನೇನು ಸಾಕ್ಷಿ ಬೇಕು ಅನ್ನಿಸುವುದು ಸಹಜ. ಆದರೆ ನಾಲಗೆಯ ಲೆಕ್ಕ ಬೇರೆ, ರಕ್ತದ ಲೆಕ್ಕ ಬೇರೆ.

ಹಾಗೆಂದು ಸೊಪ್ಪು ಬೇರಿನ ಮದ್ದೆಲ್ಲ ಮೂಢನಂಬಿಕೆ ಅನ್ನುವವರ ಮಾತೂ ಸರಿಯಲ್ಲ. ಇವತ್ತು ವೈದ್ಯರು ಶುಗರ್‌ಗೆ ಮೊದಲು ಬರೆಯುವ ಮೆಟ್‌ಫಾರ್ಮಿನ್ ಮಾತ್ರೆಯ ಜಾಡು ಹಿಡಿದರೆ ಸಿಗುವುದು ಗೆಲೀಗಾ ಎಂಬ ಯುರೋಪಿನ ಗಿಡ. ಅದರಲ್ಲಿದ್ದ ರಾಸಾಯನಿಕದ ನಂಟಿನ, ಆದರೆ ವಿಷ ಕಡಿಮೆಯಿರುವ ವಸ್ತುವನ್ನು ತಯಾರಿಸಿ, ರೋಗಿಗಳ ಮೇಲೆ ಪರೀಕ್ಷಿಸಿ, 1957ರಲ್ಲಿ ಫ್ರಾನ್ಸಿನ ವೈದ್ಯ ಝಾನ್ ಸ್ಟರ್ನ್ ಫಲಿತಾಂಶ ಪ್ರಕಟಿಸಿದರು. ಗಿಡಕ್ಕೂ ಮಾತ್ರೆಗೂ ನಡುವೆ ಇರುವುದು ಅಳತೆ. ನಮ್ಮ ಮೆಂತ್ಯವನ್ನೇ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೆಂತ್ಯದ ಪುಡಿ ರಕ್ತದ ಸಕ್ಕರೆಯನ್ನು ಇಳಿಸಿದ್ದು ನಿಜ. ಅಲ್ಲಿ ಕೊಟ್ಟದ್ದು ದಿನಕ್ಕೆ 100 ಗ್ರಾಂ, ಅದೂ ಜಿಡ್ಡು ತೆಗೆದದ್ದು. ನಾವು ರಾತ್ರಿ ನೆನೆಸಿಡುವುದು ಒಂದು ಚಮಚ, ನಾಲ್ಕೈದು ಗ್ರಾಂ. ಬೆಳಗ್ಗೆ ನೀರು ಕುಡಿದು ಕಾಳು ಚೆಲ್ಲುವವರೂ ಇದ್ದಾರೆ. ಕೆಲಸ ಮಾಡುವ ನಾರಿನ ಬಹುಪಾಲು ಆ ಕಾಳಿನಲ್ಲೇ ಹೋಯಿತು! ಶುಗರ್‌ಗೆಂದು ನೀರಿಟ್ಟು ಕುಡಿಯುವ ಹೊನ್ನೆ ಮರದ ಲೋಟದ ಕಥೆಯೂ ಹೀಗೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೊನ್ನೆಯ ಸಾರದಿಂದ 97 ಮಂದಿಯಲ್ಲಿ 67 ಮಂದಿಗೆ ಸಕ್ಕರೆ ಹತೋಟಿಗೆ ಬಂತು. ಆದರೆ ಅವರದು ಹೊಸದಾಗಿ ಕಂಡುಬಂದ ಕಾಯಿಲೆ, ಕೊಟ್ಟದ್ದು ಅಳೆದ ಸಾರ, ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಹತ್ತು ವರ್ಷದಿಂದ ಶುಗರ್ ಇದ್ದವರು ಲೋಟದಲ್ಲಿ ನೀರಿಟ್ಟು ಕುಡಿದರೆ ಅದೇ ಫಲ ಸಿಗುತ್ತದೆಂದು ಈ ಪರೀಕ್ಷೆ ಹೇಳುವುದಿಲ್ಲ.

‘ಫಲ ಬರದಿದ್ದರೆ ಬೇಡ, ಸೊಪ್ಪಿಗೆ ಸೈಡ್ ಎಫೆಕ್ಟ್ ಅಂತೂ ಇಲ್ಲವಲ್ಲ’ ಎನ್ನುತ್ತಾರೆ. ಗುಣ ಉಂಟು, ಅವಗುಣ ಮಾತ್ರ ಇಲ್ಲ ಎನ್ನುವುದು ಹೇಗೆ ಸಾಧ್ಯ? ಶುಗರ್ ಮಾತ್ರೆಯ ಜೊತೆ ಹಾಗಲಕಾಯಿ ತಿಂದ ಮಹಿಳೆಯೊಬ್ಬರಲ್ಲಿ ಮಾತ್ರೆಯ ಪರಿಣಾಮ ಹೆಚ್ಚಾದದ್ದನ್ನು 1979ರಲ್ಲೇ ಲ್ಯಾನ್ಸೆಟ್ ಪತ್ರಿಕೆ ವರದಿ ಮಾಡಿತ್ತು. ಊಟಕ್ಕೆ ಹಾಗಲಕಾಯಿ ಪಲ್ಯ ಮಾಡಿಕೊಳ್ಳುವುದಕ್ಕೆ ಯಾರೂ ಹೆದರಬೇಕಿಲ್ಲ. ಆದರೆ ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ ಲೋಟಗಟ್ಟಲೆ ಹಾಗಲಕಾಯಿ ರಸ ಕುಡಿದು ಹೊಲಕ್ಕೆ ಹೊರಟವರಿಗೆ ಬೆವರು, ನಡುಕ, ತಲೆಸುತ್ತು ಬಂದರೆ ಅದು ಸಕ್ಕರೆ ಕುಸಿದ ಲಕ್ಷಣವಿರಬಹುದು. ಇದಕ್ಕಿಂತ ದೊಡ್ಡ ಅಪಾಯ ಮಾತ್ರೆ ಬಿಡುವುದು. ‘ಮಾತ್ರೆ ನುಂಗಿ ನುಂಗಿ ಕಿಡ್ನಿ ಹೋಗುತ್ತದೆ’ ಎಂಬ ಭಯ ಅದರ ಹಿಂದಿದೆ. ಶುಗರ್ ಇದ್ದವರ ಕಿಡ್ನಿ ಕೆಡಿಸುವುದು ಸಾಮಾನ್ಯವಾಗಿ ಹತೋಟಿ ತಪ್ಪಿದ ಸಕ್ಕರೆ ಮತ್ತು ರಕ್ತದೊತ್ತಡ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣು, ಕಿಡ್ನಿಯ ಸಣ್ಣ ರಕ್ತನಾಳಗಳ ತೊಂದರೆ ಶೇಕಡಾ 25ರಷ್ಟು ಕಡಿಮೆಯಾಗಿತ್ತು. ಇನ್ಸುಲಿನ್ ಮೇಲೆಯೇ ಬದುಕಿರುವ ಮಕ್ಕಳು ಅದನ್ನು ಕೆಲವು ದಿನ ಬಿಟ್ಟರೂ ಜೀವಕ್ಕೇ ಅಪಾಯ.

ತಪ್ಪೆಲ್ಲ ರೋಗಿಯದಲ್ಲ. ‘ನಾಟಿ ಮದ್ದು ತಗೊಂಡ್ಯಾ?’ ಎಂದು ಗದರಿಸುವ ವೈದ್ಯರಿಗೆ ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ. ಡಬ್ಬಿಯ ಮೇಲೆ ಹೆಸರೇ ಇಲ್ಲದ ಪುಡಿಯಲ್ಲಿ ಅಲೋಪತಿ ಮಾತ್ರೆಯನ್ನೇ ಅರೆದು ಬೆರೆಸಿರಬಹುದು, ಅದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಆದ್ದರಿಂದ ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಚೀಟಿಯ ಜೊತೆ ಆ ಪುಡಿಯ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ, ವೈದ್ಯರ ಮೇಜಿನ ಮೇಲೆ ಎರಡನ್ನೂ ಇಡಿ.